ಟಿಕ್ ಎಂದ ಮಾತ್ರಕ್ಕೆ ರಿಲೇ ಸರಿಯಿದೆ ಎಂದಲ್ಲ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತದೆ, ಫ್ಲೈಓವರ್ ಹತ್ತಿ ವೇಗ ಹಿಡಿದರೆ ಇಳಿಯುತ್ತದೆ. ಇಂಥ ಕಾರಿನಲ್ಲಿ ಮೊದಲ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ. ಫ್ಯೂಸ್ ಸರಿಯಿದ್ದರೆ ಮೋಟರ್‌ಗೆ ದುಡ್ಡು ಸುರಿಯುವ ಮುನ್ನ ರಿಲೇ ನೋಡಿ: ಚಿಕ್ಕ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಪುಟ್ಟ ಸ್ವಿಚ್ ಅದು.

ಎಂಜಿನ್ ತಣ್ಣಗಾಗಲಿ, ಕೀ ತೆಗೆದಿರಲಿ. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್‌ನ ಮುಚ್ಚಳದಲ್ಲೇ ಯಾವುದು ಯಾರ ರಿಲೇ ಎಂದು ಬರೆದಿರುತ್ತದೆ. ನೇರವಾಗಿ ಮೇಲಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕವಚ ಸೀಳುತ್ತದೆ. ಹಾರ್ನ್ ರಿಲೇ ಮೇಲೂ ಅದೇ ನಂಬರ್ ಇದ್ದರೆ ಎರಡನ್ನೂ ಅದಲುಬದಲು ಮಾಡಿ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ, ಆಗ ಫ್ಯಾನ್ ತಿರುಗಬೇಕು. ಫ್ಯಾನ್ ತಿರುಗಿ ಹಾರ್ನ್ ಮೂಕವಾದರೆ ಕಳ್ಳ ಸಿಕ್ಕ ಹಾಗೆ.

ಜೋಡಿ ಇಲ್ಲದಿದ್ದರೆ ಮಲ್ಟಿಮೀಟರ್ ಬೇಕು. ರಿಲೇಯ ಪಿನ್‌ಗಳ ಪಕ್ಕ ನಂಬರ್ ಇರುತ್ತದೆ. 85 ಮತ್ತು 86ರ ನಡುವೆ ಸ್ವಿಚ್ಚನ್ನು ಎಳೆಯುವ ಕಾಯಿಲ್: 12 ವೋಲ್ಟ್ ರಿಲೇಯಲ್ಲಿ ಸಾಮಾನ್ಯವಾಗಿ 50ರಿಂದ 120 ಓಮ್. ರೀಡಿಂಗ್ ಬರಲೇ ಇಲ್ಲವೆಂದರೆ ಕಾಯಿಲ್ ಕಡಿದಿದೆ. 30 ಮತ್ತು 87 ಫ್ಯಾನಿನ ಕರೆಂಟ್ ಹಾಯುವ ಕಾಂಟ್ಯಾಕ್ಟ್. ಮೀಟರನ್ನು ಬೀಪ್‌ಗೆ ಇಟ್ಟು ನೋಡಿದರೆ ಈಗ ಇವೆರಡರ ನಡುವೆ ಬೀಪ್ ಬರಬಾರದು. ಬಂದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಕೀ ತೆಗೆದರೂ ಫ್ಯಾನ್ ತಿರುಗುತ್ತಲೇ ಇದ್ದು, ಬೆಳಿಗ್ಗೆ ಬ್ಯಾಟರಿ ಸತ್ತಿರುವುದು ಇದರಿಂದಲೇ.

ಈಗ 86ಕ್ಕೆ ಬ್ಯಾಟರಿ ಪ್ಲಸ್, 85ಕ್ಕೆ ಮೈನಸ್ ಕೊಡಿ. ಕವಚದ ಚಿತ್ರದಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ ಅದು ತೋರಿಸಿದ ದಿಕ್ಕೇ ಅಂತಿಮ. ತಿರುಗಿಸಿ ಕೊಟ್ಟರೆ ಡಯೋಡ್ ಸುಟ್ಟೇ ಹೋಗಬಹುದು. ರಿಲೇ ಟಿಕ್ ಎನ್ನುತ್ತದೆ, 30–87 ಬೀಪ್ ಎನ್ನುತ್ತದೆ. ಬಹಳ ಮಂದಿ ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಆದರೆ ಮೀಟರ್ ಹರಿಸುವುದು ಚಿಟಿಕೆ ಕರೆಂಟ್. ಕರಿಕಟ್ಟಿದ ಕಾಂಟ್ಯಾಕ್ಟ್ ಅದನ್ನು ದಾಟಿಸಿಬಿಡುತ್ತದೆ, ಫ್ಯಾನಿನ ಭಾರ ಮಾತ್ರ ಹೊರಲಾರದು. ಹಾಗಾಗಿ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬನ್ನು 10 ಆಂಪ್ ಫ್ಯೂಸ್ ಸಮೇತ 30–87ರ ಮೂಲಕ ಉರಿಸಿ. ಉರಿಯುತ್ತಿರುವಾಗಲೇ ಆ ಎರಡು ಪಿನ್‌ಗಳ ನಡುವಿನ ವೋಲ್ಟೇಜ್ ಅಳೆಯಿರಿ. 0.2 ವೋಲ್ಟ್ ಮೀರಿದರೆ ಬಿಸಾಡಿ. ಕೆರೆದು ಹಾಕುವುದು ದಂಡ, ಬೇಗನೆ ಮತ್ತೆ ಕರಿಕಟ್ಟುತ್ತದೆ.

ಹೊಸದು ತರುವ ಮೊದಲು ರಿಲೇ ಕೂರುವ ಸಾಕೆಟ್ ನೋಡಿ. 30ರ ತೂತಿನಲ್ಲಿ 12 ವೋಲ್ಟ್ ಇರಬೇಕು. ಎಂಜಿನ್ ಓಡುತ್ತಾ ಎ.ಸಿ. ಇದ್ದಾಗ 85–86ರ ನಡುವೆಯೂ ಅಷ್ಟೇ ಬರಬೇಕು. ಇಲ್ಲದಿದ್ದರೆ ದೋಷ ಸೆನ್ಸರ್, ವೈರಿಂಗ್ ಅಥವಾ ಇಸಿಯು (ಎಂಜಿನ್ ಕಂಪ್ಯೂಟರ್) ಕಡೆಯದು. ಪ್ಲಾಸ್ಟಿಕ್ ಕಂದಿದ್ದರೆ ಟರ್ಮಿನಲ್ ಸಡಿಲವಾಗಿದೆ. ಅದನ್ನು ಬದಲಿಸದೆ ಹಾಕಿದ ಹೊಸ ರಿಲೇಯೂ ಸುಡುತ್ತದೆ. ಅಂಡರ್‌ಪಾಸ್ ನೀರಲ್ಲಿ ಮುಳುಗಿ ಬಂದ ಗಾಡಿಯಾದರೆ ಹಸಿರು ಕಿಲುಬು ಹುಡುಕಿ.

ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ. ಲಾರಿಯ 24 ವೋಲ್ಟ್ ರಿಲೇ ನೋಡಲು ಅವಳಿಯಂತಿರುತ್ತದೆ, ಕಾರಿನಲ್ಲಿ ಮಿಸುಕದು. ಆಂಪ್ ಹಳೆಯದಕ್ಕಿಂತ ಕಡಿಮೆ ಬೇಡ. ಕೆಲವದರಲ್ಲಿ 30 ಮತ್ತು 86ರ ಜಾಗ ಅದಲುಬದಲಾಗಿರುತ್ತದೆ. ಸಾಕೆಟ್ಟಿಗೆ ಚೆನ್ನಾಗಿ ಕೂರುತ್ತದೆ, ಆದ್ದರಿಂದಲೇ ಮೋಸ ಹೋಗುವುದು.

ಒತ್ತಿ ಕೂರಿಸಿ, ಎ.ಸಿ. ಹಾಕಿ ಹತ್ತು ನಿಮಿಷ ಓಡಿಸಿ. ಫ್ಯಾನಿನಿಂದ ದೂರವಿದ್ದು ರಿಲೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಾಕಿಸಿ.