ಪೇಲಿಯೋ ತಟ್ಟೆಯಲ್ಲಿ ಒಂದಿಷ್ಟು ಅನ್ನ: ಯಾವಾಗ, ಎಷ್ಟು, ಹೇಗೆ

ನಾನು ಪೇಲಿಯೋ ಊಟ ಮಾಡುವವಳು. ಬೇಸಾಯಕ್ಕೆ ಮುಂಚಿನ ಆದಿಮಾನವ ತಿನ್ನುತ್ತಿದ್ದ ಅನ್ನುವ ಆಹಾರವನ್ನಷ್ಟೇ ತಿಂದು, ಧಾನ್ಯ ಬಿಡುವ ಪದ್ಧತಿ ಇದು. ಮೀನು, ಮೊಟ್ಟೆ, ಮಾಂಸ, ತರಕಾರಿ, ಹಣ್ಣು, ಒಣಬೀಜಗಳು, ನನ್ನ ತಟ್ಟೆಯ ಬಹುಪಾಲು ಇಷ್ಟೇ. ಆದರೆ ಜೋರಾಗಿ ಓಡುವ ದಿನ, ಭಾರ ಎತ್ತುವ ದಿನ ಅದೇ ತಟ್ಟೆಯಲ್ಲಿ ಅನ್ನವೂ ಇರುತ್ತದೆ. ಅದನ್ನು ಕದ್ದು ತಿನ್ನುವುದಿಲ್ಲ, ತಿಂದು ಕೊರಗುವುದೂ ಇಲ್ಲ. ಲೆಕ್ಕ ಹಾಕಿಯೇ ಬಡಿಸಿಕೊಳ್ಳುತ್ತೇನೆ. ಆ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾರಣ. ವ್ಯಾಯಾಮ ಮಾಡುವಾಗ ಮೈ ಮುಖ್ಯವಾಗಿ ಕೊಬ್ಬನ್ನೂ ಗ್ಲೂಕೋಸನ್ನೂ ಸುಡುತ್ತದೆ. ಆರಾಮಾಗಿ ನಡೆಯುವಾಗ, ಮಾತಾಡಿಕೊಂಡು ನಿಧಾನ ಓಡುವಾಗ ಕೊಬ್ಬಿನ ಪಾಲು ಜಾಸ್ತಿ. ಏದುಸಿರು ಬಂದು ಒಂದು ವಾಕ್ಯ ಮುಗಿಸುವುದೂ ಕಷ್ಟ ಅನ್ನುವ ವೇಗದಲ್ಲಿ ಕೊಬ್ಬಿನಿಂದ ಶಕ್ತಿ ಸಾಕಷ್ಟು ಬೇಗ ಸಿಗುವುದಿಲ್ಲ. ಆಗ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ನೇ (ಮೈ ಗ್ಲೂಕೋಸನ್ನು ಕೂಡಿಡುವ ರೂಪ) ಗತಿ. ಇದರ ದಾಸ್ತಾನು ದೊಡ್ಡದೇನಲ್ಲ. ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಆಸುಪಾಸು. ಒಂದೂವರೆ ಎರಡು ಗಂಟೆ ಬಿಡದೆ ಜೋರಾಗಿ ಓಡಿದರೆ ಬಹುಪಾಲು ಖರ್ಚಾಗುತ್ತದೆ. ಮತ್ತೆ ತುಂಬಬೇಕು ಅಂದರೆ ಕಾರ್ಬ್ಸ್ (ಪಿಷ್ಟ, ಸಕ್ಕರೆ) ತಿನ್ನಲೇಬೇಕು.

ಅದಕ್ಕೆ ಗೆಣಸು, ಬಾಳೆಹಣ್ಣು ಸಾಲದಾ? ಬಹಳ ಜನರಿಗೆ ಸಾಕು. ವಾರಕ್ಕೆ ಮೂರು ದಿನ ಅರ್ಧ ಗಂಟೆ ವ್ಯಾಯಾಮ, ಉಳಿದಂತೆ ನಡಿಗೆ ಅನ್ನುವವರಾದರೆ ಧಾನ್ಯದ ಗೋಜೇ ಬೇಡ. ದಿನಕ್ಕೆ ಒಂದು ಗಂಟೆಯಷ್ಟು ಗಟ್ಟಿ ತರಬೇತಿ ಮಾಡುವವರ ಲೆಕ್ಕ ಬೇರೆ. ಕ್ರೀಡಾ ಪೋಷಣೆಯಲ್ಲಿ ಇಂಥವರಿಗೆ ಸಾಮಾನ್ಯವಾಗಿ ಹೇಳುವುದು ದಿನಕ್ಕೆ ಒಂದು ಕಿಲೋ ದೇಹತೂಕಕ್ಕೆ 5ರಿಂದ 7 ಗ್ರಾಂ ಕಾರ್ಬ್ಸ್. 60 ಕಿಲೋ ಇರುವವರಿಗೆ ಕಡಿಮೆಯೆಂದರೂ 300 ಗ್ರಾಂ ಆಯಿತು. 100 ಗ್ರಾಂ ಗೆಣಸಿನಲ್ಲಿ ಕಾರ್ಬ್ಸ್ ಇರುವುದು ಸುಮಾರು 20 ಗ್ರಾಂ. ಬರೀ ಗೆಣಸಿನಿಂದಲೇ 300 ಗ್ರಾಂ ತುಂಬಿಸಲು ದಿನಕ್ಕೆ ಒಂದೂವರೆ ಕಿಲೋ ತಿನ್ನಬೇಕು! ಅಷ್ಟು ನಾರು ಹೊಟ್ಟೆಯಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಓಡುವುದು ನನಗಂತೂ ಆಗದ ಮಾತು. ಬೆಂದ ಬಿಳಿ ಅನ್ನದಲ್ಲಿ 100 ಗ್ರಾಂಗೆ 28 ಗ್ರಾಂ ಕಾರ್ಬ್ಸ್ ಸಿಗುತ್ತದೆ, ನಾರು ಒಂದು ಗ್ರಾಂಗಿಂತ ಕಡಿಮೆ. ಗೆಣಸು, ಹಣ್ಣು ಎಷ್ಟಾಗುತ್ತದೋ ಅಷ್ಟು ತಿನ್ನಿ. ಕೊರತೆಯನ್ನಷ್ಟೇ ಅನ್ನದಿಂದ ತುಂಬಿ.

ಎಲ್ಲ ಧಾನ್ಯಗಳನ್ನೂ ನಾನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ನನ್ನ ಮೊದಲ ಆಯ್ಕೆ ಬಿಳಿ ಅಕ್ಕಿ. ಅದರಲ್ಲಿ ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಇಲ್ಲ. ತೌಡಿನ ಜೊತೆ ಫೈಟಿಕ್ ಆಮ್ಲದ ಬಹುಪಾಲೂ ಹೋಗಿರುತ್ತದೆ. ಊಟದಲ್ಲಿರುವ ಕಬ್ಬಿಣ, ಸತು ಮೈಗೆ ಹತ್ತದಂತೆ ತಡೆಯುವುದು ಈ ಆಮ್ಲವೇ. ಧಾನ್ಯ ಬೇಡ ಅನ್ನುವುದಕ್ಕೆ ಪೇಲಿಯೋದವರು ಕೊಡುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕೆಂಪು ಅಕ್ಕಿ, ಕಂದು ಅಕ್ಕಿಯಲ್ಲಿ ಪೋಷಕಾಂಶ ಜಾಸ್ತಿ ಇರುವುದು ನಿಜ. ಆದರೆ ನನಗೆ ಪೋಷಕಾಂಶ ತರಕಾರಿ, ಮೀನು, ಮೊಟ್ಟೆಯಿಂದ ಸಿಗುತ್ತದೆ. ಅನ್ನದಿಂದ ಬೇಕಿರುವುದು ಸುಲಭವಾಗಿ ಅರಗುವ ಪಿಷ್ಟ ಮಾತ್ರ. ಓಟ್ಸ್ ನನಗೆ ಎರಡನೇ ಆಯ್ಕೆ, ಅದೂ ಓಟಕ್ಕೆ ಮೂರು ಗಂಟೆಯಾದರೂ ಇದ್ದರೆ. ನಾರಿನಿಂದಾಗಿ ಅದು ನಿಧಾನಕ್ಕೆ ಅರಗುತ್ತದೆ. ಗೋಧಿ, ಬಾರ್ಲಿ, ರೈ ನಾನು ತರುವುದಿಲ್ಲ. ಗ್ಲುಟೆನ್ ಒಂದೇ ಕಾರಣವಲ್ಲ. ಅವುಗಳಲ್ಲಿರುವ ಫ್ರಕ್ಟಾನ್ ಎಂಬ ಕಾರ್ಬ್ಸ್‌ನಿಂದ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಆ ಕೆಲವರಲ್ಲಿ ನಾನೂ ಇದ್ದೇನೆ. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರು ಇವುಗಳನ್ನು ಮುಟ್ಟಲೇಬಾರದು. ಓಟ್ಸ್ ತರುವಾಗಲೂ ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಬರೆದಿದೆಯಾ ನೋಡಿಕೊಳ್ಳಬೇಕು.

ಈಗ ಹೊತ್ತು. ಎಲ್ಲಕ್ಕಿಂತ ಮುಖ್ಯ ಇದು. ದಿನವಿಡೀ ಪ್ರತಿ ಊಟಕ್ಕೂ ಅನ್ನ ಹಾಕಿಕೊಂಡರೆ ಅದು ಪೇಲಿಯೋ ಆಗಿ ಉಳಿಯುವುದಿಲ್ಲ. ತರಕಾರಿಯ ಜಾಗ ಅನ್ನದ ಪಾಲಾಗುತ್ತದೆ. ಅದಕ್ಕೇ ನಾನು ಅನ್ನವನ್ನು ಗಟ್ಟಿ ವ್ಯಾಯಾಮದ ಹಿಂದೆ ಮುಂದೆ ಮಾತ್ರ ಇಡುತ್ತೇನೆ. ಅಭ್ಯಾಸ ಮಾಡಿಕೊಳ್ಳುವವರು ಆಮೇಲಿನ ಊಟದಿಂದ ಶುರು ಮಾಡಿ. ವಾರದ ಅತಿ ಕಷ್ಟದ ವ್ಯಾಯಾಮ ಯಾವುದೋ ಅದು ಮುಗಿದ ಮೇಲಿನ ಊಟಕ್ಕೆ 100 ಗ್ರಾಂ ಅನ್ನ ಹಾಕಿಕೊಳ್ಳಿ. ಒಂದೆರಡು ವಾರ ಅಷ್ಟೇ ಇರಲಿ. ಹೊಟ್ಟೆ ಒಪ್ಪಿತು, ನಿದ್ದೆ ಚೆನ್ನಾಗಿದೆ, ಮರುದಿನ ಕಾಲು ಹಗುರ ಅನಿಸಿತು ಅಂದರೆ ಕಿಲೋ ದೇಹತೂಕಕ್ಕೆ ಒಂದು ಗ್ರಾಂ ಕಾರ್ಬ್ಸ್‌ವರೆಗೆ ಏರಿಸಿ. 60 ಕಿಲೋ ಇರುವವರಿಗೆ ಅದು 200 ಗ್ರಾಂಗಿಂತ ಸ್ವಲ್ಪ ಮೇಲೆ, ಬೆಂದ ಅನ್ನದ ತೂಕ. ಜೊತೆಗೆ 25ರಿಂದ 30 ಗ್ರಾಂ ಪ್ರೋಟೀನ್ ಇರಲಿ. 100 ಗ್ರಾಂ ಬೆಂದ ಕೋಳಿ ಎದೆಮಾಂಸದಲ್ಲಿ ಅಷ್ಟು ಸಿಗುತ್ತದೆ. ಅರ್ಧ ತಟ್ಟೆ ತರಕಾರಿ ಮಾಮೂಲಿನಂತೆ ಇರಲೇಬೇಕು.

ವ್ಯಾಯಾಮಕ್ಕೆ ಮುಂಚೆ ತಿನ್ನುವುದಾದರೆ ಎರಡು ಮೂರು ಗಂಟೆ ಮೊದಲು, ಅದೇ ಅಳತೆ. ಆ ಊಟದಲ್ಲಿ ಎಣ್ಣೆ, ಬೀಜ, ಹಸಿ ತರಕಾರಿ ಕಡಿಮೆ ಮಾಡಿ. ಕೊಬ್ಬು, ನಾರು ಎರಡೂ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುತ್ತವೆ. ನಾನು ತಿನ್ನುವುದು ಅನ್ನ, ಎರಡು ಮೊಟ್ಟೆ, ಚಿಟಿಕೆ ಉಪ್ಪು, ಅಷ್ಟೇ. ಬೆಳಗಿನ ಜಾವವೇ ಓಡುವವರು ಇದನ್ನು ಹಿಂದಿನ ರಾತ್ರಿಯೇ ತಿಂದುಬಿಡುವುದು ವಾಸಿ. ಎದ್ದ ಮೇಲೆ ಬೇಕೆನಿಸಿದರೆ ಒಂದು ಬಾಳೆಹಣ್ಣು.

ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ಮಧ್ಯದಲ್ಲಿ ನೀರು ಸಾಕು. ಅದಕ್ಕಿಂತ ಉದ್ದದ ಓಟ, ಸೈಕಲ್ ಸವಾರಿ ಆದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ಸ್ ಬೇಕಾಗುತ್ತದೆ. ಓಟಗಾರರಿಗೆಂದು ಅಂಗಡಿಯಲ್ಲಿ ಮಾರುವ ಸಿಹಿ ಜೆಲ್ ನನಗೆ ಸೇರುವುದಿಲ್ಲ. ಅನ್ನವನ್ನು ಮೆತ್ತಗೆ ಬೇಯಿಸಿ, ಉಪ್ಪು ಹಾಕಿ ಹಿಸುಕಿ, 50 ಗ್ರಾಂನ ಉಂಡೆ ಕಟ್ಟಿ ಒಯ್ಯುತ್ತೇನೆ. ಎರಡು ಉಂಡೆಯಲ್ಲಿ 28 ಗ್ರಾಂ ಸಿಗುತ್ತದೆ. ಉಪ್ಪಿನ ಬಗ್ಗೆ ಒಂದು ಮಾತು: ಕಟ್ಟುನಿಟ್ಟಿನ ಪೇಲಿಯೋದಲ್ಲಿ ಉಪ್ಪೂ ಬೇಡ ಅನ್ನುತ್ತಾರೆ. ಬೆವರು ಸುರಿಸುವವರು ಇದನ್ನು ಹಾಗೇ ಪಾಲಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬೆವರಿನಲ್ಲಿ ಉಪ್ಪಿನ ಸೋಡಿಯಂ ಹೋಗುತ್ತದೆ, ಅದು ವಾಪಸ್ ಬರಬೇಕು.

ಅಕ್ಕಿಯನ್ನು ಚೆನ್ನಾಗಿ ತೊಳೆದು, ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿಯುವುದು ಒಳ್ಳೆಯದು. ಅಕ್ಕಿಯಲ್ಲಿರುವ ಆರ್ಸೆನಿಕ್ ಎಂಬ ವಿಷವಸ್ತು ಒಂದಷ್ಟು ಬಸಿದ ನೀರಿನ ಜೊತೆ ಹೋಗುತ್ತದೆ. ಉಳಿದ ಅನ್ನವನ್ನು ಹೊರಗೆ ಬಿಡಬೇಡಿ. ಬೇಗ ಆರಿಸಿ ಫ್ರಿಜ್‌ನಲ್ಲಿಡಿ, ಮರುದಿನವೇ ಹಬೆಯಾಡುವಷ್ಟು ಬಿಸಿ ಮಾಡಿ ತಿಂದು ಮುಗಿಸಿ. ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಆದಿಮಾನವ ಧಾನ್ಯ ತಿಂದೇ ಇರಲಿಲ್ಲವಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ತಿಂದಿದ್ದ. ಗಲಿಲೀ ಸರೋವರದ ದಡದಲ್ಲಿರುವ ಒಹಾಲೋ 2 ಎಂಬ ನೆಲೆಯಲ್ಲಿ ಸುಮಾರು 23,000 ವರ್ಷ ಹಿಂದಿನ ಬೀಸುಕಲ್ಲು ಸಿಕ್ಕಿದೆ, ಅದರ ಮೇಲೆ ಕಾಡುಧಾನ್ಯದ ಪಿಷ್ಟದ ಕಣಗಳಿದ್ದವು. ಜೋರ್ಡಾನಿನ ಶುಬೈಕಾ 1 ನೆಲೆಯಲ್ಲಿ 14,000 ವರ್ಷಕ್ಕೂ ಹಳೆಯ, ಸುಟ್ಟ ರೊಟ್ಟಿಯ ಚೂರುಗಳು ಸಿಕ್ಕಿವೆ. ಬೇಸಾಯ ಶುರುವಾಗಿದ್ದು ಅದಾಗಿ ಸಾವಿರಾರು ವರ್ಷದ ಮೇಲೆ. ಹಾಗಂತ ಅವರು ಮೂರು ಹೊತ್ತೂ ಅದನ್ನೇ ತಿನ್ನುತ್ತಿದ್ದರು ಅಂತಲ್ಲ. ಸಿಕ್ಕಾಗ ತಿಂದರು. ನನಗೆ ಅಷ್ಟು ಸಾಕು.

ಶುರುವಿನಲ್ಲಿ ತಕ್ಕಡಿ ನೋಡಿ ಗಾಬರಿಯಾಗಬೇಡಿ. ಮೈಯಲ್ಲಿ ಕೂಡುವ ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ. 300 ಗ್ರಾಂ ತುಂಬಿತು ಅಂದರೆ ಒಟ್ಟು ತೂಕ ಒಂದು ಕಿಲೋಗಿಂತ ಹೆಚ್ಚೇ ಏರುತ್ತದೆ. ಅದು ಕೊಬ್ಬಲ್ಲ. ನಾನು ತೂಕಕ್ಕಿಂತ ಬೇರೆ ಗುರುತುಗಳನ್ನು ನೋಡುತ್ತೇನೆ. ಭಾರ ಎತ್ತುವಾಗ ಕೊನೆಯ ಸೆಟ್‌ನಲ್ಲಿ (ಕೊನೆಯ ಸುತ್ತಿನಲ್ಲಿ) ಮೊದಲ ಸೆಟ್‌ನ ಭಾರವೇ ಏಳುತ್ತದಾ? ಗುಡ್ಡದ ಓಟದ ಕೊನೆಗೆ ವೇಗ ಕುಸಿಯುತ್ತದಾ? ರಾತ್ರಿ ಸುಮ್ನೆ ಎಚ್ಚರವಾಗುತ್ತದಾ? ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಅನ್ನ ತಿಂದ ದಿನಕ್ಕೂ ತಿನ್ನದ ದಿನಕ್ಕೂ ವ್ಯತ್ಯಾಸ ತಾನಾಗೇ ಕಾಣುತ್ತದೆ. ಹೆಂಗಸರಿಗೆ ಒಂದು ಮಾತು: ಮುಟ್ಟು ತಪ್ಪುತ್ತಿದ್ದರೆ, ಗಾಯ ಪದೇಪದೇ ಆಗುತ್ತಿದ್ದರೆ ಒಟ್ಟು ಊಟವೇ ಸಾಲುತ್ತಿಲ್ಲ ಅನ್ನುವ ಅನುಮಾನ ಇಟ್ಟುಕೊಳ್ಳಿ, ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಅನ್ನದ ಅಳತೆ ಬದಲಿಸುವ ಮೊದಲೇ ಕೇಳಬೇಕು.

ತರಬೇತಿ ಇಳಿದಾಗ ಅನ್ನವೂ ಇಳಿಯಲಿ. ಸ್ಪರ್ಧೆ ಮುಗಿದ ಮೇಲಿನ ಹಗುರ ವಾರಗಳಲ್ಲಿ ನಾನು ಮತ್ತೆ ಗೆಣಸು, ಹಣ್ಣಿಗೆ ಬರುತ್ತೇನೆ. ಗಾಯವಾಗಿ ಮನೆಯಲ್ಲಿ ಕೂತವರು ಮಾತ್ರ ಊಟವನ್ನು ಒಮ್ಮೆಗೇ ತೀರ ಕಡಿಮೆ ಮಾಡಬೇಡಿ. ವಾಸಿಯಾಗುವುದಕ್ಕೂ ಮೈಗೆ ಶಕ್ತಿ ಬೇಕು. ಅನ್ನ ಅರ್ಧ ಮಾಡಿ, ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ.