ಮುಖ ಸಿಕ್ಕಿತು, ಕೈ ಎಲ್ಲಿ? ಸಾಕ್ಷ್ಯಚಿತ್ರಕ್ಕೆ ಯಾವ ಶಾಟ್ ಯಾವಾಗ

ನನ್ನ ಮೊದಲ ಸಾಕ್ಷ್ಯಚಿತ್ರದ ಎಡಿಟಿಂಗ್‌ಗೆ ಕೂತಾಗ ನನ್ನ ಹತ್ತಿರ ಇದ್ದದ್ದು ಹದಿನೆಂಟು ನಿಮಿಷದ ಒಂದೇ ಒಂದು ಸಂದರ್ಶನ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಹಿರಿಯರೊಬ್ಬರು ಬಹಳ ಚೆನ್ನಾಗಿ ಮಾತಾಡಿದ್ದರು. "ಅರಗು ಹತ್ತಿತೋ ಇಲ್ಲವೋ ಕೈಗೇ ಗೊತ್ತಾಗುತ್ತೆ ಸಾರ್" ಎಂದು ಕೈ ಆಡಿಸಿ ತೋರಿಸಿದ್ದರು. ಆ ಕೈ ನನ್ನ ಫ್ರೇಮ್‌ನಿಂದ ಹೊರಗಿತ್ತು. ನಡುವೆ ಯಾರದ್ದೋ ಫೋನ್ ರಿಂಗಾಗಿದೆ. ಅಷ್ಟನ್ನು ಕತ್ತರಿಸಿದರೆ ಅವರ ತಲೆ ಟಕ್ಕಂತ ಪಕ್ಕಕ್ಕೆ ಜಿಗಿಯುತ್ತದೆ. ಆ ಜಿಗಿತ ಮುಚ್ಚೋಣ ಅಂದರೆ ಬೇರೆ ಒಂದು ಶಾಟೂ ಇಲ್ಲ. ಮುಂದಿನ ವಾರ ಮತ್ತೆ ಮೈಸೂರು ಬಸ್ ಹತ್ತಿದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಅದೊಂದು ಪುಣ್ಯ.

ಶಾಟ್‌ಗಳ ಹೆಸರು ಬಾಯಿಪಾಠ ಮಾಡಿ ಉಪಯೋಗವಿಲ್ಲ. ನೋಡುವವರು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಇದು ಎಲ್ಲಿ? ಯಾರಿವರು? ಏನು ಮಾಡ್ತಿದ್ದಾರೆ? ಹೇಗೆ? ಒಂದೊಂದು ಪ್ರಶ್ನೆಗೆ ಒಂದೊಂದು ಶಾಟ್. ಅದೇ ಗೊಂಬೆ ಅಂಗಡಿಯಲ್ಲಿ ಈಗ ನಾನು ಹೇಗೆ ಕೆಲಸ ಮಾಡುತ್ತೇನೆ ಎಂದು ಹೇಳುತ್ತೇನೆ. ಕ್ಯಾಮೆರಾ ಬೇಕೆಂದೇನಿಲ್ಲ, ಮೊಬೈಲ್ ಸಾಕು.

ಮೊದಲು ಸುಮ್ನೆ ಕೂತ್ಕೊಳ್ಳಿ

ಅರ್ಧ ಗಂಟೆ ಮೊಬೈಲ್ ಜೇಬಿನಲ್ಲೇ ಇರಲಿ. ಕೆಲಸ ನೋಡಿ. ಆಲೆ ಮರದ ತುಂಡನ್ನು ಲೇತಿಗೆ, ಅಂದರೆ ಮರ ತಿರುಗಿಸುವ ಯಂತ್ರಕ್ಕೆ, ಸಿಕ್ಕಿಸುತ್ತಾರೆ, ಉಳಿ ಹಿಡಿದು ಆಕಾರ ತರುತ್ತಾರೆ, ಉಜ್ಜಿ ನಯ ಮಾಡುತ್ತಾರೆ, ಅರಗು ಬಳಿಯುತ್ತಾರೆ, ಹೊಳಪು ಕೊಡುತ್ತಾರೆ. ಇದೆಲ್ಲ ಮುಗಿದ ಮೇಲೆ ಇನ್ನೊಂದು ತುಂಡು. ಮತ್ತೆ ಅದೇ ಕೆಲಸ. ಕೆಲಸ ಹೀಗೆ ಮರುಕಳಿಸುವುದೇ ನಮಗೆ ಲಾಭ. ಮೊದಲ ಗೊಂಬೆಯನ್ನು ದೂರದಿಂದ ತೆಗೆದರೆ ಎರಡನೆಯದನ್ನು ಹತ್ತಿರದಿಂದ, ಮೂರನೆಯದನ್ನು ಭುಜದ ಹಿಂದಿನಿಂದ ತೆಗೆಯಬಹುದು. ಎಡಿಟಿಂಗ್‌ನಲ್ಲಿ ಮೂರೂ ಸೇರಿ ಒಂದೇ ಗೊಂಬೆಯ ಹಾಗೆ ಕಾಣುತ್ತದೆ. ಮೂರೂ ಒಂದೇ ಬಣ್ಣದವಾ ಎಂದು ಮಾತ್ರ ನೋಡಿಕೊಳ್ಳಿ.

ಮೊಬೈಲ್ ಅಡ್ಡ ಹಿಡಿಯಿರಿ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್. ಇದಕ್ಕೆ ಹೊಂದದ ಲೆಕ್ಕ ಇಟ್ಟರೆ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಚಿತ್ರ ಮಿಣುಕುವುದುಂಟು. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಅಂಗಿ ಹಾಕಿದವರೊಬ್ಬರು ಹಿಂದೆ ಹಾದುಹೋದರೂ ಇಡೀ ಚಿತ್ರ ಕಪ್ಪಿಡುತ್ತದೆ.

ಇನ್ನೊಂದು ಮಾತು. ಯಾವ ಶಾಟ್ ಆದರೂ ಹತ್ತು ಸೆಕೆಂಡ್ ಅಲ್ಲಾಡಿಸದೆ ಹಿಡಿಯಿರಿ. ಮನಸ್ಸಿನಲ್ಲಿ ಎಣಿಸಿ. ಹೊಸಬರು ನಾಲ್ಕಕ್ಕೇ ಕೈ ತೆಗೆಯುತ್ತಾರೆ.

ಎಲ್ಲಿ? ವೈಡ್ ಶಾಟ್

ಇಡೀ ಜಾಗ ಒಟ್ಟಿಗೆ ಕಾಣುವ ಶಾಟ್ ಇದು. ಬೀದಿ, ಬಾಗಿಲು, ಒಳಗಿನ ಕೋಣೆ. ಮೂರು ವೈಡ್ ಸಾಕು. ತೊಂದರೆ ಇರುವುದು ಒಳಗೆ. ಎಂಟಡಿ ಹತ್ತಡಿ ಕೋಣೆ, ಅದರಲ್ಲಿ ಎರಡು ಲೇತು, ಮೂಲೆಯಲ್ಲಿ ಮರದ ರಾಶಿ. ಹಿಂದೆ ಹೋಗಲು ಜಾಗವೇ ಇಲ್ಲ. ಆಗ ಎಲ್ಲರೂ ಹೆಚ್ಚು ಅಗಲ ತೋರಿಸುವ ಮೊಬೈಲಿನ 0.5 ಲೆನ್ಸಿಗೆ ಹೋಗುತ್ತಾರೆ. ಅದರಲ್ಲಿ ಅಂಚಿಗೆ ಕೂತವರ ಮುಖ ಎಳೆದ ಹಾಗೆ ಕಾಣುತ್ತದೆ. ಅದರ ಬದಲು ಹೊರಗೆ ಬನ್ನಿ. ಕಿಟಕಿಯಿಂದಲೋ ಬಾಗಿಲ ಚೌಕಟ್ಟಿನ ಆಚೆಯಿಂದಲೋ ತೆಗೆಯಿರಿ. ಚೌಕಟ್ಟು ಫ್ರೇಮಿನಲ್ಲಿ ಕಂಡರೂ ಚೆಂದವೇ.

ಇದು ಹೊಸ ತಲೆನೋವೇನಲ್ಲ. 1922ರಲ್ಲಿ ತೆರೆಕಂಡ 'ನಾನೂಕ್ ಆಫ್ ದಿ ನಾರ್ತ್' ಸಾಕ್ಷ್ಯಚಿತ್ರಕ್ಕಾಗಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಹಿಮದ ಮನೆಯೊಳಗೆ ಚಿತ್ರೀಕರಣ ಮಾಡಬೇಕಿತ್ತು. ಜಾಗವೂ ಇಲ್ಲ, ಬೆಳಕೂ ಇಲ್ಲ. ಕೊನೆಗೆ ದೊಡ್ಡದಾಗಿ ಕಟ್ಟಿಸಿ ಒಂದು ಪಕ್ಕದ ಗೋಡೆಯನ್ನೇ ಬಿಟ್ಟರು. ಅದು ಸರಿಯೇ ತಪ್ಪೇ ಎಂಬ ಜಗಳ ಈಗಲೂ ಇದೆ. ನಾವು ಗೋಡೆ ಒಡೆಯುವುದು ಬೇಡ, ಕಿಟಕಿ ಇದೆಯಲ್ಲ.

ಯಾರು? ಮಿಡ್ ಶಾಟ್

ಸೊಂಟದಿಂದ ಮೇಲೆ. ಮನುಷ್ಯ, ಅವರ ಕೈ, ಲೇತು ಮೂರೂ ಒಟ್ಟಿಗೆ ಕಾಣಬೇಕು. ಫ್ರೇಮಿನ ಅಂಚು ಮಣಿಕಟ್ಟು, ಮೊಣಕೈ, ಮಂಡಿಯ ಹತ್ತಿರ ಬರದಂತೆ ನೋಡಿಕೊಳ್ಳಿ. ಕೈಕಾಲು ತುಂಡಾದ ಹಾಗೆ ಕಾಣುತ್ತದೆ. ಇಷ್ಟೇ.

ಹೇಗೆ? ಕ್ಲೋಸಪ್

ಒಂದು ಗಂಟೆ ಇದ್ದರೆ ಅದರಲ್ಲಿ ಅರ್ಧ ಗಂಟೆ ನಾನು ಇದಕ್ಕೇ ಇಡುತ್ತೇನೆ.

ಅರಗು ಬಳಿಯುವುದನ್ನೇ ತಗೊಳ್ಳಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಒಂದು ಗೆರೆ, ಆಮೇಲೆ ಪಟ್ಟಿ, ನೋಡನೋಡುತ್ತಲೇ ಪೂರ್ತಿ ಹಳದಿ. ಇನ್ನೂ ಮಾಸಲು, ಅಲ್ಲಲ್ಲಿ ದಪ್ಪ. ಆಗ ತಾಳೆಗರಿಯ ತುಂಡೊಂದನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಬಣ್ಣ ಸಮನಾಗಿ ಹರಡಿ, ಕಿಟಕಿಯ ಬೆಳಕು ಅದರ ಮೇಲೆ ಒಂದು ಬಿಳಿ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಮಾಸಲು ಹೋಗಿ ಹೊಳಪು ಬರುವ ಆ ಗಳಿಗೆ ವೈಡ್‌ನಲ್ಲಿ ಕಾಣುವುದೇ ಇಲ್ಲ.

ನಾನು ಇದನ್ನು ಐದು ಶಾಟ್‌ಗಳಲ್ಲಿ ತೆಗೆಯುತ್ತೇನೆ. ಮೊದಲನೆಯದು ಕೈ ಮತ್ತು ಕಡ್ಡಿ ಮಾತ್ರ. ಎರಡನೆಯದು ಮುಖ ಮಾತ್ರ. ಕೆಲಸದಲ್ಲಿ ಮುಳುಗಿದವರು ತುಟಿ ಕಚ್ಚುತ್ತಾರೆ, ಒಂದು ಕಣ್ಣು ಕಿರಿದು ಮಾಡುತ್ತಾರೆ, ಅದು ಸಿಗಬೇಕು. ಮೂರನೆಯದು ಎರಡೂ ಸೇರಿದ ಮಿಡ್. ನಾಲ್ಕನೆಯದು ಅವರ ಭುಜದ ಮೇಲಿನಿಂದ, ಅವರಿಗೆ ಕಾಣುವ ಹಾಗೆ. ಐದನೆಯದು ಎಕ್ಸ್‌ಟ್ರೀಮ್ ಕ್ಲೋಸಪ್, ಅಂದರೆ ಗರಿ ಬಣ್ಣಕ್ಕೆ ತಾಗುವ ಜಾಗವಷ್ಟೇ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ದೂರ, ಇಲ್ಲವೇ ಕೋನ, ಎದ್ದು ಕಾಣುವಷ್ಟು ಬದಲಾಗಬೇಕು. ಒಂದಡಿ ಮುಂದೆ ಹೋಗಿ ನಿಂತರೆ ಅದು ಹೊಸ ಶಾಟ್ ಅನಿಸಿಕೊಳ್ಳುವುದಿಲ್ಲ, ತಪ್ಪು ಅನಿಸಿಕೊಳ್ಳುತ್ತದೆ.

ಲೇತು ತಿರುಗುವಾಗ ಮಾತ್ರ ತಲೆ ತೂರಿಸಬೇಡಿ. ಕ್ಯಾಮೆರಾದ ಪಟ್ಟಿ, ದುಪಟ್ಟಾ, ಇಯರ್‌ಫೋನ್ ವಯರು ಯಾವುದೂ ನೇತಾಡಬಾರದು. ದೂರ ನಿಂತು 2x ಅಥವಾ 3x ಲೆನ್ಸ್ ಬಳಸಿ. ಮೊಬೈಲಿನಲ್ಲಿ ಆ ಲೆನ್ಸ್ ನಿಜವಾಗಿ ಇದ್ದರೆ ಮಾತ್ರ. ಬೆರಳಲ್ಲಿ ಎಳೆದು ಹಿಗ್ಗಿಸುವ ಜೂಮ್ ಬೇಡ, ಚಿತ್ರ ಕೊಚ್ಚೆಯಾಗುತ್ತದೆ.

ಕಬಡ್ಡಿ ನೋಡಿದ್ದೀರಲ್ಲ?

ಟಿವಿಯಲ್ಲಿ ರೈಡರ್ ಎಡದಿಂದ ಬಲಕ್ಕೆ ಹೋಗುತ್ತಾನೆ. ನಡುವೆ ಅಂಕಣದ ಆಚೆ ಬದಿಯ ಕ್ಯಾಮೆರಾಕ್ಕೆ ಕಟ್ ಮಾಡಿದರೆ ಅದೇ ರೈಡರ್ ಬಲದಿಂದ ಎಡಕ್ಕೆ ಬರುತ್ತಾನೆ. ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. ಗೊಂಬೆ ಅಂಗಡಿಯಲ್ಲೂ ಇದೇ ಕಥೆ. ಕೆಲಸಗಾರರಿಂದ ಲೇತಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ನಿಮ್ಮ ಎಲ್ಲ ಶಾಟ್‌ಗಳೂ ಆ ಗೆರೆಯ ಒಂದೇ ಪಕ್ಕದಿಂದ ಇರಲಿ. ಆಚೆ ಹೋಗಲೇಬೇಕಾದರೆ ನಡುವೆ ಬೆರಳಿನದ್ದೋ ಮರದ ಹೊಟ್ಟಿನದ್ದೋ ಒಂದು ಕ್ಲೋಸಪ್ ಇಟ್ಟು ದಾಟಿ.

ಮಾತಿಗೆ ಕೂರಿಸುವಾಗ

ಲೇತು ಆಫ್ ಮಾಡಲು ಕೇಳಿ. ಲೆನ್ಸ್ ಅವರ ಕಣ್ಣಿನ ಎತ್ತರಕ್ಕೆ ಇರಲಿ. ಅವರು ನೆಲದ ಮೇಲೆ ಕೂತಿದ್ದರೆ ನೀವೂ ಕೂರಿ. ಮೇಲಿನಿಂದ ತೆಗೆದರೆ ಮನುಷ್ಯ ಸಣ್ಣವನಾಗಿ ಕಾಣುತ್ತಾನೆ. ಪ್ರಶ್ನೆ ಕೇಳುವವರು ಕ್ಯಾಮೆರಾದ ಪಕ್ಕಕ್ಕೇ ಅಂಟಿಕೊಂಡು ಕೂತರೆ ಕಣ್ಣೋಟ ಲೆನ್ಸಿನ ಹತ್ತಿರವೇ ಬರುತ್ತದೆ. ಉತ್ತರ ಹೇಳುವವರು ಫ್ರೇಮಿನ ಬಲಕ್ಕೆ ನೋಡುತ್ತಿದ್ದರೆ ಅವರನ್ನು ಫ್ರೇಮಿನ ಎಡಕ್ಕೆ ಇಟ್ಟು ಬಲಕ್ಕೆ ಜಾಗ ಬಿಡಿ. ತಲೆಯ ಮೇಲೆ ನಾಲ್ಕು ಬೆರಳು ಜಾಗ ಸಾಕು. ಪ್ರಶ್ನೆ ಬದಲಾದಾಗ ಮಿಡ್‌ನಿಂದ ಕ್ಲೋಸಪ್‌ಗೆ ಬನ್ನಿ. ಅವರು ಮಾತಾಡುವಾಗ ಅಲ್ಲ.

ಮಾತು ಮುಗಿದ ತಕ್ಷಣ ಕಟ್‌ಅವೇ ತೆಗೆಯಿರಿ. ಮಾತಿನ ಕತ್ತರಿ ಗುರುತು ಮುಚ್ಚುವ ಚಿಕ್ಕ ಶಾಟ್‌ಗಳಿವು. ಅರ್ಧ ಕುಡಿದ ಟೀ ಲೋಟ, ಗೋಡೆಯ ಕ್ಯಾಲೆಂಡರ್, ಸಾಲಾಗಿ ಒಣಗುತ್ತಿರುವ ಬುಗುರಿ, ಬಾಗಿಲಲ್ಲಿ ಇಣುಕುವ ಮಗು. ಅವರು ಯಾವ ವಸ್ತುವಿನ ಬಗ್ಗೆ ಮಾತಾಡಿದರೋ ಅದು ಮೊದಲು. ಹೂದಾನಿ, ಗಡಿಯಾರ ಅಂತ ಸಿಕ್ಕಿದ್ದೆಲ್ಲ ತೆಗೆದರೆ ಮದುವೆ ವಿಡಿಯೋ ಆಗುತ್ತದೆ.

ಕ್ಯಾಮೆರಾ ಓಡಿಸಬೇಕಾ?

ಬಹಳ ಸಲ ಬೇಡ. ಏನಾದರೂ ತೋರಿಸುತ್ತಾ ಹೋಗುವುದಿದ್ದರೆ ಮಾತ್ರ ಪ್ಯಾನ್, ಅಂದರೆ ನಿಂತಲ್ಲೇ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವುದು. ಹಸಿ ಮರದ ರಾಶಿಯಿಂದ ಶುರುಮಾಡಿ ಬಣ್ಣದ ಗೊಂಬೆಗಳ ಕಪಾಟಿಗೆ ಬಂದು ನಿಂತರೆ ಅದಕ್ಕೊಂದು ಅರ್ಥವಿದೆ. ಶುರುವಿನಲ್ಲಿ ಐದು ಸೆಕೆಂಡ್ ನಿಲ್ಲಿ, ನಿಧಾನ ತಿರುಗಿ, ಕೊನೆಯಲ್ಲಿ ಮತ್ತೆ ಐದು ಸೆಕೆಂಡ್ ನಿಲ್ಲಿ. ಎತ್ತರದ ವಸ್ತುವಿಗೆ ಟಿಲ್ಟ್, ಅಂದರೆ ಮೇಲೆ ಕೆಳಗೆ ತಿರುಗಿಸುವುದು, ಲೆಕ್ಕ ಅದೇ.

ಕೊನೆಯ ವೈಡ್

ಹೊರಡುವ ಮುಂಚೆ ಇನ್ನೊಂದು ವೈಡ್ ಬೇಕು, ಸಂಜೆಯದ್ದು. ಅಂಗಡಿ ಬಾಗಿಲು ಹಾಕುವುದು, ಬೀದಿ ದೀಪ ಹತ್ತುವುದು. "ಒಂದ್ಸಲ ಶಟರ್ ಎಳೀರಿ ಸಾರ್" ಎಂದು ಮಾತ್ರ ಕೇಳಬೇಡಿ. ಕೇಳಿ ಎಳೆಸಿದ ಶಟರ್ ಹಾಗೇ ಕಾಣುತ್ತದೆ, ಅವರ ಕಣ್ಣೆಲ್ಲ ನಿಮ್ಮ ಮೇಲೇ ಇರುತ್ತದೆ. ಟ್ರೈಪಾಡ್ ಎದುರು ರಸ್ತೆಗೆ ಹಾಕಿ ಕಾಯಿರಿ. ನಾನು ಎರಡನೇ ಸಲ ಹೋದಾಗ ಏಳೂವರೆ ದಾಟಿತು, ಬ್ಯಾಟರಿ ಒಂಬತ್ತು ಪರ್ಸೆಂಟಿಗೆ ಬಂದಿತ್ತು. ಹಿರಿಯರು ಅಷ್ಟೊತ್ತಿಗಾಗಲೇ ಮನೆಗೆ ಹೋಗಿದ್ದರು. ಮೊಮ್ಮಗ ಬಂದ, ಶಟರಿಗೆ ಜೋತುಬಿದ್ದು ಎಳೆದ, ಅರ್ಧಕ್ಕೆ ಸಿಕ್ಕಿಕೊಂಡಿತು, ಒಂದು ಒದ್ದ, ಮುಚ್ಚಿತು.