ಬರದಿದ್ದರೆ ಕೇಳುವವರು ಯಾರು: ಒಬ್ಬ ಪುನರ್ವಸತಿ ಕಾರ್ಯಕರ್ತೆಯ ಅನುಭವ

ನಮ್ಮ ಪಂಚಾಯಿತಿ ವ್ಯಾಪ್ತಿಯ ಹದಿನಾಲ್ಕು ಮಂದಿ ವಿಕಲಚೇತನರನ್ನು ಎರಡು ಟೆಂಪೊಗಳಲ್ಲಿ ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಬಂದ ಹತ್ತನೆಯ ದಿನಕ್ಕೆ ಒಬ್ಬ ತಾಯಿ ನನ್ನನ್ನು ದಾರಿಯಲ್ಲಿ ತಡೆದು ನಿಲ್ಲಿಸಿದರು. "ಅಕ್ಕ, ನನ್ ಮಗ ಅವತ್ತಿಂದ ದಿನಾ ಬೆಳಗ್ಗೆ ಒಳ್ಳೆ ಅಂಗಿ ಹಾಕ್ಸು ಅಂತ ಹಟ ಮಾಡಿ, ಹಾಕ್ಸ್ಕೊಂಡು ಬಾಗ್ಲಲ್ಲಿ ಕೂತ್ಕತಾನೆ. ಗಾಡಿ ಬತ್ತದೆ ಅಂತ ಕಾಯ್ತಾನೆ. ನಾನೇನ್ ಹೇಳ್ಲಿ?" ಎಂದರು. ಆ ಪ್ರವಾಸದ ಫೋಟೊಗಳು ಆಗಿನ್ನೂ ನನ್ನ ಮೊಬೈಲಿನಲ್ಲಿದ್ದವು. ಮೇಲಧಿಕಾರಿಗಳಿಗೆ ಕಳುಹಿಸಿ ಮೆಚ್ಚುಗೆಯನ್ನೂ ಪಡೆದಿದ್ದೆ. ಆ ತಾಯಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಎಡಗಾಲಿಗೆ ಪೋಲಿಯೊ ಆಗಿದೆ, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ಮಾಸಾಶನ ನಿಂತುಹೋದರೆ ನಾಡಕಚೇರಿಗೆ ಅಲೆಯುವುದು, ಸಾಧನ ಸಲಕರಣೆಗಳ ಶಿಬಿರಕ್ಕೆ ಜನರನ್ನು ಸೇರಿಸುವುದು, ಇವೆಲ್ಲ ಕೆಲಸಗಳಿಗೆ ನಮೂನೆಗಳಿವೆ, ಲೆಕ್ಕ ಕೇಳುವವರೂ ಇದ್ದಾರೆ. ಆದರೆ ಒಬ್ಬ ವ್ಯಕ್ತಿ ತನ್ನ ಊರಿನ ಬದುಕಿನಲ್ಲಿ ಭಾಗಿಯಾಗಿದ್ದಾನೆಯೇ ಎಂಬುದನ್ನು ತುಂಬಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಭಾರತವು 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯೂ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ನೂ ಸಮುದಾಯದೊಳಗೆ ಬದುಕುವುದನ್ನು ಹಕ್ಕು ಎಂದೇ ಹೇಳುತ್ತವೆ. ಅದೇ ಕಾಯ್ದೆಯ 29ನೇ ಸೆಕ್ಷನ್ ಸಂಸ್ಕೃತಿ ಮತ್ತು ಮನರಂಜನೆಯ ಬಗ್ಗೆ ಇದೆ. ತರಬೇತಿಯಲ್ಲಿ ಇವನ್ನು ನಾನು ಬರೆದುಕೊಂಡಿದ್ದೆ. ಬರೆದುಕೊಂಡದ್ದನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಆ ತಾಯಿಯ ಪ್ರಶ್ನೆಯ ನಂತರ.

ಬಾಗಿಲಲ್ಲಿ ಕಾಯುತ್ತಿದ್ದವನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಊರಿನವರು ಮಾತ್ರ ಅವನನ್ನು "ಪಾಪ, ಮಗು" ಎನ್ನುತ್ತಿದ್ದರು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಕೈ ಚಲನೆಯ ಹಿಡಿತ ತಪ್ಪಿರುವುದು. ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಾನೆ, ಮಾತು ಅವನ ತಾಯಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯುವುದಿಲ್ಲ, ತಿಳಿವಳಿಕೆಗೆ ಯಾವ ಕೊರತೆಯೂ ಇಲ್ಲ. ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ವಾರ ಅವನ ಮನೆಯ ಜಗುಲಿಯ ಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಕುಳಿತು, ಬೀದಿಯಲ್ಲಿ ಹಾದುಹೋಗುವ ಯಾವುದನ್ನು ಕಂಡಾಗ ಅವನ ಮುಖ ತಿರುಗುತ್ತದೆ ಎಂದು ನೋಡಿದ್ದು. ಬೆಳಗ್ಗೆ ಆರೂವರೆಗೆ ಕ್ಯಾನು, ಬಿಂದಿಗೆ ಹಿಡಿದು ಡೇರಿಗೆ ಹೋಗುವ ಜನ ಕಂಡಾಗ ಅವನು ಎದ್ದು ನಿಲ್ಲುತ್ತಿದ್ದ. ಇಷ್ಟು ವರ್ಷ ಆ ಮನೆಗೆ ಬಂದು ಹೋಗುತ್ತಿದ್ದ ನಾನು ಅವನಿಗೇನು ಇಷ್ಟ ಎಂದು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ನಮ್ಮ ಕಡೆ ಹಾಲಿನ ಡೇರಿ ಎಂದರೆ ಹಾಲು ಅಳೆಯುವ ಜಾಗ ಮಾತ್ರವಲ್ಲ. ಡಿಗ್ರಿ ನೋಡಿ, ಫ್ಯಾಟ್ ನೋಡಿ, ಚೀಟಿ ಕೊಡುವಷ್ಟರಲ್ಲಿ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಯಾರ ಕಬ್ಬಿಗೆ ಕಟಾವು ಆದೇಶ ಬಂತು, ಯಾರ ಮನೆಯ ಹಸು ಕರು ಹಾಕಿತು ಎಂಬುದೆಲ್ಲ ಅಲ್ಲಿಯೇ ಇತ್ಯರ್ಥವಾಗುತ್ತದೆ. ವಾರಕ್ಕೊಮ್ಮೆ ಅಲ್ಲ, ದಿನಕ್ಕೆ ಎರಡು ಸಲ ಅದೇ ಜನ ಅದೇ ಜಾಗದಲ್ಲಿ ಸೇರುತ್ತಾರೆ. ಹೊಸಬರ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಯಾವ ಯೋಜನೆಯಲ್ಲೂ ಕಂಡಿಲ್ಲ. ಅವನ ತಾಯಿ ದಿನಾ ನಾಲ್ಕು ಲೀಟರ್ ಹಾಲು ಹಾಕುತ್ತಿದ್ದರು. ಪಾಸ್‌ಬುಕ್ ಹಿಡಿದು, ಚೀಟಿ ಪಡೆದು, ಜೇಬಿಗೆ ಹಾಕಿಕೊಳ್ಳುವುದು ಅವನ ಕೆಲಸ ಎಂದು ಮೂವರೂ ಕೂತು ತೀರ್ಮಾನಿಸಿದೆವು.

ನಾನೂ ಜೊತೆಗೆ ಹೋಗುತ್ತಿದ್ದೆ, ಮತ್ತು ಮೊದಲ ಎರಡು ವಾರದಲ್ಲೇ ತಪ್ಪು ಮಾಡಿದೆ. "ಏನವ್ವ, ಇವನಿಗೆ ವಯಸ್ಸೆಷ್ಟು? ಊಟ ಮಾಡ್ತಾನಾ?" ಎಂದು ಜನ ನನ್ನನ್ನು ಕೇಳುತ್ತಿದ್ದರು. ತರಬೇತಿಯಲ್ಲಿ ಕಲಿತಂತೆ "ಅವನನ್ನೇ ಕೇಳಿ" ಎಂದೆ. ಕೇಳಿದವರಿಗೆ ಮುಖಭಂಗವಾಯಿತು, ಆಮೇಲೆ ಅವರು ನನ್ನನ್ನೂ ಕೇಳಲಿಲ್ಲ, ಅವನನ್ನೂ ಕೇಳಲಿಲ್ಲ. ಊರಿನವರಿಗೆ ಪಾಠ ಹೇಳಲು ಹೋದರೆ ಆಗುವುದು ಇದೇ. ನಂತರ ನಾನು ಬಾಯಿ ಮುಚ್ಚಿಕೊಂಡು ಬೇರೆ ಉಪಾಯ ಹಿಡಿದೆ. ಯಾರಾದರೂ ನನ್ನ ಕಡೆ ತಿರುಗಿ ಪ್ರಶ್ನೆ ಕೇಳಿದರೆ ನಾನು ಉತ್ತರಿಸದೆ ಅವನ ಮುಖ ನೋಡುತ್ತಿದ್ದೆ, ಕೇಳಿದವರ ಕಣ್ಣೂ ತಾನಾಗಿಯೇ ಅತ್ತ ಹೋಗುತ್ತಿತ್ತು. ಅವನ ಪಕ್ಕದಲ್ಲಿ ನಿಲ್ಲುವುದನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ, ಆಮೇಲೆ ಬಾಗಿಲ ಹೊರಗೆ, ಆಮೇಲೆ ಎದುರಿನ ಅಂಗಡಿಯಲ್ಲಿ ನಿಂತೆ. ಈ ದೂರವನ್ನು ಹೆಚ್ಚಿಸಲು ನಾನು ತೆಗೆದುಕೊಂಡ ಕಾಲ ಐದು ತಿಂಗಳು.

ಮಾತಿನ ತೊಡಕಿಗೆ ಪರಿಹಾರ ಸಿಕ್ಕಿದ್ದು ಮೈಸೂರಿನಲ್ಲಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುವುದು ನಮ್ಮ ಭಾಗದವರಿಗೆ ದೊಡ್ಡ ವಿಷಯವಲ್ಲ. 1965ರಿಂದ ಅದು ಮೈಸೂರಿನಲ್ಲಿದೆ, ವಿಕಲಚೇತನರ ರಿಯಾಯಿತಿ ಬಸ್ ಪಾಸು ಮನೆಯಿಂದ ನೂರು ಕಿಲೋಮೀಟರ್‌ವರೆಗೆ ನಡೆಯುತ್ತದೆ. ಮಾತು ಬಾರದವರು ಚಿತ್ರಗಳನ್ನು ಬೆರಳಿನಿಂದ ತೋರಿಸಿ ಹೇಳಬೇಕಾದ್ದನ್ನು ಹೇಳುವ ಸಂವಹನ ಫಲಕದ ಬಗ್ಗೆ ಅಲ್ಲಿ ತಿಳಿಸಿಕೊಟ್ಟರು. ನಾನು ಮನೆಗೆ ಬಂದು ಮಾಡಿದ ಮೊದಲ ಫಲಕದಲ್ಲಿ ನೀರು, ಊಟ, ಶೌಚ, ನೋವು, ನಿದ್ದೆ, ಬೇಕು, ಬೇಡ ಎಂಬ ಏಳು ಚಿತ್ರಗಳಿದ್ದವು. ಅವನು ಅದನ್ನು ಡೇರಿಗೆ ಒಯ್ಯಲೇ ಇಲ್ಲ. ಯಾಕೆ ಎಂದು ತಾಯಿಯ ಮೂಲಕ ಕೇಳಿದಾಗ ಬಂದ ಉತ್ತರದ ಸಾರ ಇಷ್ಟು: ಡೇರಿಯಲ್ಲಿ ನಾನು ಯಾರ ಹತ್ತಿರ ಊಟ ಕೇಳಲಿ?

ಎರಡನೆಯ ಫಲಕವನ್ನು ಅವನೇ ಹೇಳಿ ಮಾಡಿಸಿದ. ಹಸು, ಕರು, ಮಳೆ, ನಾಲೆ, ಕ್ರಿಕೆಟ್, ಎಲೆಕ್ಷನ್, "ನೀನು ಹೇಳು", "ಸುಳ್ಳು", ಮತ್ತು ಕೊನೆಯ ಮೂಲೆಯಲ್ಲಿ ಬಿಂದಿಗೆಗೆ ನಲ್ಲಿಯಿಂದ ನೀರು ಬೀಳುತ್ತಿರುವ ಒಂದು ಚಿತ್ರ. ಆ ಚಿತ್ರ ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ. ಮಾರನೆಯ ದಿನ ಡೇರಿಯಲ್ಲಿ ಊರಿನ ಹಿರಿಯ ಗೌಡರೊಬ್ಬರು ಕ್ಯಾನು ಕೆಳಗಿಟ್ಟ ತಕ್ಷಣ ಅವನು ಆ ಚಿತ್ರದ ಮೇಲೆ ಬೆರಳಿಟ್ಟ. ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಆಮೇಲೆ ಕಾರ್ಯದರ್ಶಿಯಿಂದ ಹಿಡಿದು ಗೌಡರವರೆಗೆ ಎಲ್ಲರೂ ನಕ್ಕರು. "ಹಾಲಿಗೆ ನೀರ್ ಹಾಕ್ದೆ ಅಂತೀಯೇನ್ಲಾ ನನ್ಮಗ್ನೆ!" ಎಂದು ಗೌಡರು ಅವನ ಬೆನ್ನಿಗೆ ಗುದ್ದಿದರು. "ಪಾಪ, ಮಗು" ಎನ್ನುವುದು ಆ ದಿನದಿಂದ ಕಡಿಮೆಯಾಯಿತು. ಬೇಡಿಕೆಯ ಪದಗಳನ್ನಷ್ಟೇ ಕೊಟ್ಟರೆ ನಾವು ಒಬ್ಬನನ್ನು ಜೀವನಪೂರ್ತಿ ಅರ್ಜಿದಾರನಾಗಿ ಕೂರಿಸುತ್ತೇವೆ. ಕೀಟಲೆ ಮಾಡಲು ಒಂದು ಚಿತ್ರವಿಲ್ಲದ ಸಂವಹನ ಫಲಕವನ್ನು ನಾನು ಈಗ ಯಾರಿಗೂ ಮಾಡಿಕೊಡುವುದಿಲ್ಲ.

ಎಲ್ಲವೂ ಹೀಗೆ ನಡೆಯಿತು ಎಂದುಕೊಳ್ಳಬಾರದು. ಆ ವರ್ಷದ ಮಾರಿಹಬ್ಬಕ್ಕೆ ಅವನನ್ನು ಗುಡಿಯ ಮುಂದೆ, ಮೊದಲ ಸಾಲಿನಲ್ಲಿ ಕೂರಿಸಬೇಕೆಂದು ನಾನೇ ಮುಂದಾಗಿ ಯಜಮಾನರನ್ನು ಒಪ್ಪಿಸಿದ್ದೆ. ಸೆರೆಬ್ರಲ್ ಪಾಲ್ಸಿ ಇರುವ ಅನೇಕರಿಗೆ ಇದ್ದಕ್ಕಿದ್ದಂತೆ ಜೋರು ಸದ್ದು ಬಂದರೆ ಮೈಯೆಲ್ಲ ಬೆಚ್ಚಿ ಬಿಗಿದುಕೊಳ್ಳುತ್ತದೆ, ಅದು ಅವರ ಹಿಡಿತದಲ್ಲಿರುವುದಿಲ್ಲ. ಇದನ್ನು ಓದಿ ತಿಳಿದಿದ್ದೂ ತಮಟೆ ಮತ್ತು ಪಟಾಕಿಯ ಬಗ್ಗೆ ನಾನು ಯೋಚಿಸಲಿಲ್ಲ. ಮೊದಲ ಸರ ಪಟಾಕಿಗೇ ಅವನು ಕುರ್ಚಿಯಿಂದ ಬಿದ್ದ, ಹುಬ್ಬಿನ ಮೇಲೆ ಮೂರು ಹೊಲಿಗೆ ಹಾಕಬೇಕಾಯಿತು. ಅವನ ಸೋದರಮಾವ ಜನರ ಮುಂದೆಯೇ ನನ್ನನ್ನು ಬೈದರು; ನಾನು ತಿರುಗಿ ಮಾತನಾಡಲಿಲ್ಲ, ಮಾತನಾಡುವುದಕ್ಕೆ ಏನೂ ಇರಲಿಲ್ಲ. ಎರಡು ತಿಂಗಳು ಅವನು ಮನೆ ಬಿಟ್ಟು ಹೊರಬರಲಿಲ್ಲ. ಮೊದಲ ಸಾಲು ಬೇಕೆಂದು ಅವನು ಕೇಳಿರಲಿಲ್ಲ, ಅದು ನನಗೆ ಬೇಕಾಗಿತ್ತು. ಮರುವರ್ಷ ಅವನು ತಾನೇ ಆರಿಸಿಕೊಂಡ ಜಾಗ, ಗುಡಿಯಿಂದ ಸುಮಾರು ಇನ್ನೂರು ಹೆಜ್ಜೆ ದೂರದ ಒಂದು ಜಗುಲಿ. ಮೆರವಣಿಗೆ ಅಲ್ಲಿಗೆ ಬರುವ ಹೊತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡು, ಬೆನ್ನಿಗೆ ಗೋಡೆ ಕೊಟ್ಟು, ಗೆಳೆಯನೊಬ್ಬನ ತೋಳು ಹಿಡಿದು ನೋಡಿದ.

ಇನ್ನೊಬ್ಬರ ಕಥೆ ಬೇರೆ ರೀತಿಯದು. ಇವರು ಮಹಿಳೆ, ಅಟ್ಟದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿ ಬಂದಿತ್ತು, ಮನೆಯವರು ಒಳ್ಳೆಯವರು, ಆದರೂ ಆರು ವರ್ಷ ಯಾವ ಮದುವೆಗೂ ಹೋಗಿರಲಿಲ್ಲ. "ನಾಚಿಕೆ ಪಟ್ಕೊತಾಳೆ" ಎಂದು ಅತ್ತೆ ಹೇಳಿದ್ದನ್ನು ನಾನೂ ನಂಬಿದ್ದೆ. ಒಂದು ದಿನ ಇಬ್ಬರೇ ಇದ್ದಾಗ ಆಕೆ ಹೇಳಿದ್ದು ಹೀಗೆ: "ಅಕ್ಕ, ಹೊರಗೆ ಹೋಗ್ಬೇಕು ಅಂದ್ರೆ ಹಿಂದಿನ ರಾತ್ರಿಯಿಂದ ನೀರು ಕುಡಿಯೋ ಹಂಗಿಲ್ಲ." ನಾಚಿಕೆ ಅಲ್ಲ, ಶೌಚಾಲಯ.

ಅಂದಿನಿಂದ ಯಾವುದೇ ಸಮಾರಂಭಕ್ಕೆ ಮೊದಲು ಆ ಜಾಗವನ್ನು ನಾನು ಹೋಗಿ ನೋಡಿ ಬರುತ್ತೇನೆ, ಕೈಯಲ್ಲಿ ಟೇಪು ಇರುತ್ತದೆ. ಸಾಮಾನ್ಯ ಗಾಲಿಕುರ್ಚಿಯ ಅಗಲ ಅರವತ್ತೈದು ಸೆಂಟಿಮೀಟರ್‌ನಷ್ಟು. ಕಲ್ಯಾಣ ಮಂಟಪಗಳ ಶೌಚಾಲಯದ ಬಾಗಿಲು ಬಹುತೇಕ ಅರವತ್ತು. ಮುಂಬಾಗಿಲಿಗೆ ಇಳಿಜಾರು ಕಟ್ಟಿಸಿ ಗ್ರಾನೈಟ್ ಹಾಕಿಸಿದವರು ಈ ಐದು ಸೆಂಟಿಮೀಟರ್ ಮರೆತಿರುತ್ತಾರೆ. ಆಕೆಯ ತಂಗಿಯ ಮದುವೆಗೆ ನಾವು ಮಾಡಿದ ವ್ಯವಸ್ಥೆ ಇಷ್ಟೇ: ವಧುವಿನ ಕೋಣೆಯ ಒಂದು ಮೂಲೆಗೆ ಪರದೆ ಕಟ್ಟಿ, ಕಮೋಡ್ ಕುರ್ಚಿ ಇಟ್ಟು, ಒಳಗಿನಿಂದ ಚಿಲಕ ಹಾಕಿಕೊಳ್ಳಲು ಇಬ್ಬರು ಸಂಬಂಧಿಕರಿಗೆ ಹೇಳಿದ್ದು, ಒಂದೇ ಸಮ ಕೂತು ಒತ್ತುಹುಣ್ಣು ಆಗದಂತೆ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತಿ ಕೂರಲು ನೆನಪಿಸಲೆಂದು ಮೊಬೈಲಿಗೆ ಅಲಾರಂ ಇಟ್ಟದ್ದು. ಆಕೆ ರಾತ್ರಿಯ ಆರತಕ್ಷತೆಯಿಂದ ಮರುದಿನದ ಧಾರೆಯವರೆಗೆ ಇದ್ದರು, ಪಾನಕವನ್ನೂ ಕುಡಿದರು. ಬಸ್ಸಿನ ತೊಡಕು ಮಾತ್ರ ಇಂದಿಗೂ ಹಾಗೆಯೇ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಮೊದಲ ಮೆಟ್ಟಿಲಿನ ಎತ್ತರ ಕಡಿಮೆಯಾಗಿಲ್ಲ.

ಇಳಿಜಾರಿನ ವಿಷಯ ಬಂದದ್ದರಿಂದ ಒಂದು ಮಾತು. ಗ್ರಾಮ ಪಂಚಾಯಿತಿಗಳು ಶೇ. 5ರಷ್ಟು ಹಣವನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು, ಆ ಹಣದಲ್ಲಿ ಒಂದು ಸರ್ಕಾರಿ ಕಟ್ಟಡಕ್ಕೆ ಇಳಿಜಾರು ಮಂಜೂರಾಯಿತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಲೆಕ್ಕ. ಅಲ್ಲಿ ಎರಡು ಅಡಿ ಎತ್ತರಕ್ಕೆ ಗುತ್ತಿಗೆದಾರರು ಕಟ್ಟಿದ್ದು ಏಳು ಅಡಿ. ಈಗ ಅದರ ಮೇಲೆ ಬೈಕು ಹತ್ತಿಸುತ್ತಾರೆ. ಕೆಲಸ ಶುರುವಾಗುವ ದಿನವೇ ಸುಣ್ಣದಲ್ಲಿ ಗೆರೆ ಎಳೆದು ಬರಬೇಕೆಂದು ಅಲ್ಲಿಂದ ಕಲಿತೆ.

ಬೌದ್ಧಿಕ ವೈಕಲ್ಯ ಇರುವ ಒಬ್ಬ ಯುವತಿಯನ್ನು ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಸೇರಿಸಿದ್ದು ನನಗೆ ಹೆಚ್ಚು ಎಚ್ಚರ ಕಲಿಸಿದ ಪ್ರಸಂಗ. ಮಗಳನ್ನು ಹೊರಗೆ ಕಳುಹಿಸಲು ತಾಯಿಗಿದ್ದ ಭಯ ಸುಳ್ಳಲ್ಲ; ಅದನ್ನು ಮೂಢತನ ಎಂದು ತಳ್ಳಿಹಾಕುವವರು ಹಳ್ಳಿಯ ಸಂಜೆಯನ್ನು ಕಂಡಿಲ್ಲ. ಆದ್ದರಿಂದ ಅದೇ ಬೀದಿಯ ಇಬ್ಬರು ಹೆಂಗಸರು ಕರೆದೊಯ್ದು ಬಾಗಿಲವರೆಗೆ ಬಿಡುವುದು, ಒಬ್ಬರು ಬರದಿದ್ದರೆ ಅಂದು ಅವಳೂ ಹೋಗದಿರುವುದು ಎಂದು ಮಾತಾಯಿತು. ಚಾಪೆ ಹಾಸುವುದು, ಲೋಟ ಕೊಡುವುದು ಅವಳ ಕೆಲಸವಾಯಿತು. ನಾನು ಹಿಗ್ಗಿದೆ. ಮೂರು ತಿಂಗಳ ನಂತರ ಹೋಗಿ ನೋಡಿದರೆ ಚಾಪೆ ಹಾಸುವುದು, ಮಡಚುವುದು, ಲೋಟ ತೊಳೆಯುವುದು, ಕಸ ಗುಡಿಸುವುದು ಎಲ್ಲವೂ ಅವಳದ್ದೇ, ಮತ್ತು ಸಭೆ ನಡೆಯುವಾಗ ಅವಳು ಕೂತಿದ್ದದ್ದು ಹೊರಗಿನ ತೊಟ್ಟಿಯ ಹತ್ತಿರ. ಒಳಗೆ ಸೇರಿಸಿಕೊಳ್ಳುವುದು ಎಂದು ನಾನು ಹೆಸರಿಟ್ಟದ್ದು ಬಿಟ್ಟಿ ಚಾಕರಿಯಾಗಿತ್ತು. ಸಂಘದ ಅಧ್ಯಕ್ಷೆ ಕೆಟ್ಟವರಲ್ಲ. ಹೇಳಿದಾಗ ಅವರಿಗೇ ಬೇಸರವಾಯಿತು. ಅವಳ ಹೆಸರಿನಲ್ಲಿ ಪಾಸ್‌ಬುಕ್ ತೆರೆದು, ಎಲ್ಲರಂತೆ ವಾರಕ್ಕೆ ಇಪ್ಪತ್ತು ರೂಪಾಯಿ ಉಳಿತಾಯ ಹಾಕಿಸಿಕೊಂಡು, ಲೋಟ ತೊಳೆಯುವುದಕ್ಕೆ ಸರದಿ ಮಾಡಿದರು. ಹೆಸರು ಕೂಗಿದಾಗ ಅವಳು ಎದ್ದುಬಂದು ನೋಟು ಕೊಟ್ಟು, ಬರೆದುಕೊಂಡರೋ ಇಲ್ಲವೋ ಎಂದು ನಿಂತು ನೋಡುತ್ತಾಳೆ.

ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಾಚರಣೆಗೆ ಈಗಲೂ ಜನರನ್ನು ಕರೆದುಕೊಂಡು ಹೋಗುತ್ತೇನೆ, ಹೋಗಬಾರದೆಂದೇನಿಲ್ಲ. ಆದರೆ ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೇ ಪ್ರಶ್ನೆ ಬರೆದುಕೊಂಡಿದ್ದೇನೆ: ಇವರು ಬರದಿದ್ದರೆ, ಮನೆಯವರನ್ನೂ ನನ್ನನ್ನೂ ಬಿಟ್ಟು, ಯಾಕೆ ಬರಲಿಲ್ಲ ಎಂದು ಕೇಳುವವರು ಯಾರು? ಮೃಗಾಲಯಕ್ಕೆ ಹೋದ ಹದಿನಾಲ್ಕು ಮಂದಿಯಲ್ಲಿ ಆಗ ಒಬ್ಬರ ಮುಂದೆಯೂ ಹೆಸರಿರಲಿಲ್ಲ. ಈಗ ಒಂಬತ್ತು ಮಂದಿಯ ಮುಂದೆ ಇದೆ. ಉಳಿದ ಐವರಲ್ಲಿ ಇಬ್ಬರು ಮನೆಯಲ್ಲಿರುವುದೇ ತಮಗೆ ಇಷ್ಟ ಎಂದು ಸ್ಪಷ್ಟವಾಗಿ ಹೇಳಿದ್ದಾರೆ, ಅವರನ್ನು ನಾನು ಕಾಡುವುದಿಲ್ಲ.

ಡೇರಿಯ ಯುವಕನಿಗೆ ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮೂರು ದಿನ ಮಲಗಿದ್ದ. ಎರಡನೆಯ ದಿನವೇ ಡೇರಿ ಕಾರ್ಯದರ್ಶಿ ಬೈಕು ನಿಲ್ಲಿಸಿ "ಎಲ್ಲವ್ವ ನಿಮ್ ಹುಡ್ಗ, ಕಾಣ್ನಿಲ್ಲ?" ಎಂದು ಕೇಳಿಕೊಂಡು ಹೋದರಂತೆ. ನನಗೆ ಅದು ತಿಳಿದದ್ದು ಹದಿನೈದು ದಿನ ಕಳೆದ ಮೇಲೆ, ಅದೂ ಬೇರೆ ಮಾತಿನ ನಡುವೆ. ಈಗ ಅವನು ಡೇರಿ ಮುಗಿಸಿ ಪಕ್ಕದ ಟೀ ಅಂಗಡಿಯಲ್ಲಿ ಕೂರುತ್ತಾನೆ, ಅಲ್ಲಿ ಸಾಲವೂ ಬರೆಸಿದ್ದಾನೆ. ಅಂಗಡಿಯವನು ಅರವತ್ತು ರೂಪಾಯಿ ಎನ್ನುತ್ತಾನೆ, ಇವನು ಫಲಕದ ಮೇಲಿನ "ಸುಳ್ಳು" ಚಿತ್ರಕ್ಕೆ ಬೆರಳಿಟ್ಟು ನಲವತ್ತು ಎನ್ನುತ್ತಾನೆ. ನೀವೇ ಬಂದು ಬಗೆಹರಿಸಿ ಎಂದು ತಾಯಿ ನನಗೆ ಫೋನ್ ಮಾಡಿದ್ದರು. ಅವರಿಬ್ಬರ ಲೆಕ್ಕ ಅವರೇ ನೋಡಿಕೊಳ್ಳಲಿ ಎಂದೆ, ಹೋಗಲಿಲ್ಲ.